ದಯೆಯೇ ಔಷಧದ ಮೂಲ: ಉಗ್ರಾದಿತ್ಯ ಮುನಿಗಳು



ಕೊಲ್ಹಾರ, ಇಂಡಿ, ಸಿಂದಗಿ, ಮುದ್ದೇಬಿಹಾಳ ಕಡೆಯಿಂದ ಈ ಬೆಟ್ಟ ಹತ್ತಿ ಬರುವ ಬಹಳ ಮಂದಿ ದೇವರಲ್ಲಿ ಬೇಡುವುದು ಆರೋಗ್ಯ. ಆದಕಾರಣ ಬೆಟ್ಟದ ಮೇಲೆಯೇ ಕುಳಿತು ವೈದ್ಯಗ್ರಂಥ ಬರೆದ ಒಬ್ಬ ಮಹಾತ್ಮರ ವಿಷಯ ಇಲ್ಲಿ ತಿಳಿಸಿದೆ.

ಅವರೇ ಉಗ್ರಾದಿತ್ಯಾಚಾರ್ಯರು. ಜೈನ ಮುನಿಗಳು. ಗುರು ಶ್ರೀನಂದಿ ಆಚಾರ್ಯರ ಬಳಿ ವೈದ್ಯ ಕಲಿತು, ರಾಮಗಿರಿ ಎಂಬ ಬೆಟ್ಟದ ಜಿನಾಲಯದಲ್ಲಿ ‘ಕಲ್ಯಾಣಕಾರಕ’ ಎಂಬ ಸಂಸ್ಕೃತ ಗ್ರಂಥ ರಚಿಸಿದರು. ಅದರಲ್ಲಿ 25 ಅಧಿಕಾರಗಳಿವೆ. ಗಿಡಮೂಲಿಕೆಗಳ ಗುಣ ಉಂಟು, ಪಾದರಸದ ಸಂಸ್ಕಾರವೂ ಉಂಟು.

ಆದರೆ ಒಂದು ಮಾತು ನೋಡ್ರಿ. ಈ ಗ್ರಂಥದ ಔಷಧಗಳಲ್ಲಿ ಮಾಂಸ ಇಲ್ಲ, ಮದ್ಯ ಇಲ್ಲ, ಜೇನುತುಪ್ಪ ಕೂಡ ಇಲ್ಲ. ಜೇನು ತೆಗೆಯೋವಾಗ ಎಷ್ಟು ಹುಳ ಸಾಯ್ತಾವ! ಒಂದು ಜೀವ ಉಳಿಸೋಕೆ ಇನ್ನೊಂದು ಜೀವ ತೆಗೆಯಬಾರದು ಎಂಬುದು ಮುನಿಗಳ ವ್ರತ. ಜೇನಿಲ್ಲದೆ ಔಷಧ ಹ್ಯಾಂಗ ಎಂದು ಬೇರೆ ವೈದ್ಯರು ಕೇಳುವ ಕಾಲ ಅದು. ಗಿಡ, ಖನಿಜಗಳನ್ನು ಆಳವಾಗಿ ಅರಿತವರಿಗೆ ಮಾತ್ರ ಆ ವ್ರತ ನಡೆಸಲು ಸಾಧ್ಯ. ಬರೀ ದಯೆ ಇದ್ದು ಅರಿವಿಲ್ಲದಿದ್ದರೆ ರೋಗಿ ಉಳಿಯೋದಿಲ್ಲ.

ಆಗ ನಮ್ಮ ನಾಡನ್ನು ಆಳುತ್ತಿದ್ದವರು ರಾಷ್ಟ್ರಕೂಟರು. ಅಮೋಘವರ್ಷ ನೃಪತುಂಗನ ಆಳ್ವಿಕೆ ಕ್ರಿ.ಶ. 814ರಿಂದ 878. ರಾಜಧಾನಿ ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ನೃಪತುಂಗನ ಆಸ್ಥಾನದಲ್ಲಿ ವೈದ್ಯ ಪಂಡಿತರ ಎದುರು ನಿಂತು ಮಾಂಸ ಔಷಧವಲ್ಲವೆಂದು ಮುನಿಗಳು ವಾದಿಸಿದರು. ಆ ವಾದವೇ ಗ್ರಂಥದ ಕೊನೆಗೆ ‘ಹಿತಾಹಿತ’ ಅಧ್ಯಾಯವಾಗಿ ಸೇರಿದೆ. ಕೋಪದಿಂದಲ್ಲ, ಕಾರಣ ಕೊಟ್ಟು ಹೇಳಿದರು. ಇದು ಸಾಧು ಲಕ್ಷಣ.

ಇನ್ನೊಂದು ಪರಿಶಿಷ್ಟ ‘ರಿಷ್ಟಾಧಿಕಾರ’. ಮರಣ ಸಮೀಪಿಸಿದ ಲಕ್ಷಣಗಳನ್ನು ಅಲ್ಲಿ ಹೇಳಿದ್ದಾರೆ. ಔಷಧಕ್ಕೂ ಒಂದು ಗಡಿ ಇದೆ ಎಂದು ಒಪ್ಪಿದ ವೈದ್ಯನೇ ನಿಜವಾದ ವೈದ್ಯ.

1940ರಲ್ಲಿ ಪಂಡಿತ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳು ಈ ಗ್ರಂಥವನ್ನು ಹಿಂದಿ ಅನುವಾದದೊಂದಿಗೆ ನಮ್ಮ ನೆರೆಯ ಸೊಲ್ಲಾಪುರದಿಂದ ಪ್ರಕಟಿಸಿದರು.

ಇದರಿಂದ ನಾವು ತಿಳಿಯಬೇಕಾದ್ದೇನು? ಪಾದರಸ ವಿಷ. ಮುನಿಗಳಂಥ ಜ್ಞಾನಿಗಳೇ ಅದಕ್ಕೆ ಅಂಜಿ, ಕ್ರಮ ಹಿಡಿದು ನಡೆದರು. ಹಾಗಿರುವಾಗ ಜಾತ್ರೆಯಲ್ಲಿ ಪುಡಿಕೆ ಕಟ್ಟಿ ಮಾರುವ ಹೆಸರಿಲ್ಲದ ಭಸ್ಮ ನುಂಗಬೇಡಿರಿ. ದರ್ಶನ ಆಯ್ತು ಅಂತ ಡಾಕ್ಟರು ಕೊಟ್ಟ ಸಕ್ಕರೆ, ಬಿಪಿ ಗುಳಿಗೆ ಬಿಡಬೇಡಿರಿ. ಹರಕೆ ಹೊರಿರಿ, ಗುಳಿಗೆಯನ್ನೂ ನುಂಗಿರಿ. ಬೆಟ್ಟದ ಗಿಡ ಕೀಳದೆ, ಇಲ್ಲಿಯ ಇರುವೆ, ಹಕ್ಕಿಗಳಿಗೂ ಜಾಗ ಬಿಟ್ಟು ನಡೆಯಿರಿ.

ಸಕಲ ಜೀವಿಗಳಿಗೂ ಆರೋಗ್ಯ ಭಾಗ್ಯ ಲಭಿಸಲಿ. ಶುಭಂ.