ಬರೆಗೂ ಮಷಿನ್ನಿಗೂ ಏನು ಫರಕು?

ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಒಂದು ಸಣ್ಣ ಫಿಜಿಯೊಥೆರಪಿ ಕೇಂದ್ರ. ಟೇಬಲ್ ಮೇಲೆ ನೋವಿಗೆ ಹಚ್ಚುವ ಶಾಕ್‌ವೇವ್ ಮಷಿನ್. ಮಾತಾಡುವವರು ಮೂವರು. ಕೇಂದ್ರ ನಡೆಸುವ ಫಿಜಿಯೊ ಒಬ್ಬರು. ಎಂಜಿನಿಯರಿಂಗ್ ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದ ಮಾಸ್ತರು ಇನ್ನೊಬ್ಬರು. ಅವರಿಗೆ ಹಿಮ್ಮಡದ ಹಿಂದಿನ ಅಕಿಲಿಸ್ ಟೆಂಡನ್ ನೋವು. ಮೂರನೆಯವರು ಹುನಗುಂದ, ಅಮೀನಗಡ ದಾಟಿ ಇಳಕಲ್‌ನಿಂದ ಬಸ್ಸಿನಲ್ಲಿ ಬಂದ ಕೈಮಗ್ಗದ ನೇಕಾರರು. ಅವರ ಬಲ ಮೊಣಕೈ ಎಂಟು ತಿಂಗಳಿಂದ ನೋಯುತ್ತಿದೆ.

ನೇಕಾರ: ಆ ಮಷಿನ್ ಟಕಟಕ ಅಂತ ಹೊಡೀತೈತಂತ, ಹೊಡೆದ್ರ ಬ್ಯಾನಿ ಹೋಗತೈತಂತ. ಖರೇನ ತಂಗಿ?

ಫಿಜಿಯೊ: ಕೆಲವರಿಗೆ ಹೋಗತೈತಿ ಕಾಕಾ. ಯಾರಿಗೆ, ಯಾವ ಜಾಗಕ್ಕ ಅನ್ನೋದ ಪ್ರಶ್ನೆ.

ಮಾಸ್ತರು: ನಾ ಸಣ್ಣಾಂವಿದ್ದಾಗ ಹೊಟ್ಟಿನೋವಿಗೆ ನಮ್ಮವ್ವ ಬರಿ ಹಾಕಿಸಿದ್ಲು. ಕಬ್ಬಿಣ ಕಾಸಿ ಇಟ್ಟಿದ್ರು, ಗುರ್ತು ಇನ್ನೂ ಐತಿ. ಅದರಿಂದನ ಹೊಟ್ಟಿನೋವು ಹೋತು ಅಂತ ಆಕಿ ಕಡೀತನಕ ಹೇಳ್ತಿದ್ಲು. ಈಗ ನೀ ಹೇಳವಾ, ಬರಿಗೂ ನಿನ್ನ ಮಷಿನ್ನಿಗೂ ಏನು ಫರಕು? ನೋಯೋ ಜಾಗಕ್ಕ ಇನ್ನಷ್ಟು ನೋಯಿಸೋದು. ಬರಿಗೆ ಕರೆಂಟು ಬೇಕಿರಲಿಲ್ಲ, ಅಷ್ಟ.

ಫಿಜಿಯೊ: ಮೆಕ್ಯಾನಿಕಲ್ ಮಾಸ್ತರು ನೀವು. ಮಷಿನ್ನಿನ ವಿಷಯ ಮೊದಲು ನೀವ ಹೇಳ್ರಿ, ಆಮ್ಯಾಲೆ ನಾ ಹೇಳ್ತೀನಿ.

ಮಾಸ್ತರು: ಹೇಳ್ತೀನಿ, ಅದು ನನಗ ಇಷ್ಟದ ಕತಿ. ಶಬ್ದಕ್ಕಿಂತ ಜೋರಾಗಿ ಹಾರೋ ವಿಮಾನಕ್ಕ ಮಳಿ ಹನಿ ಬಡದ್ರ ಲೋಹದಾಗ ಗುಣಿ ಬೀಳತಿದ್ವು. ಜರ್ಮನಿಯ ಡೋರ್ನಿಯರ್ ಅನ್ನೋ ವಿಮಾನ ಕಂಪನಿಯವರು ಇದನ್ನ ಹಿಡಕೊಂಡು ಹೋದ್ರು. ಆಘಾತದ ಅಲೆ, ಅಂದ್ರ ಶಾಕ್‌ವೇವ್, ನೀರಿನಾಗ ಸಲೀಸಾಗಿ ದಾಟಿ, ಗಟ್ಟಿ ವಸ್ತು ಸಿಕ್ಕಲ್ಲಿ ತನ್ನ ಶಕ್ತಿ ಬಿಡತೈತಿ ಅಂತ ಗೊತ್ತಾತು. ಮನುಷ್ಯಾನ ಮೈಯಾಗ ಬಹುಪಾಲು ನೀರ ಅಲ್ಲೇನು? ಹಂಗಂದ ಮ್ಯಾಲೆ ಮೈ ಕೊಯ್ಯದನ ಒಳಗಿನ ಕಲ್ಲು ಒಡೀಬಹುದಲ್ಲ ಅಂದ್ರು. 1980ರ ಫೆಬ್ರುವರಿಯಾಗ ಮ್ಯೂನಿಕ್‌ನಾಗ ಕ್ರಿಶ್ಚಿಯನ್ ಶೋಸಿ ಅನ್ನೋ ಡಾಕ್ಟರು ಮೊದಲನೇ ರೋಗಿಯ ಕಿಡ್ನಿ ಕಲ್ಲು ಒಡದು ತೋರಿಸಿದ್ರು. ಅಲ್ಲಿಂದ ಅದು ಎಲುಬಿಗೆ ಬಂತು, ಕೂಡದ ಮುರಿತಕ್ಕ ಬಂತು, ಕಡೀಕ ನಮ್ಮ ಹಿಮ್ಮಡಕ್ಕ ಬಂದೈತಿ. ಆದ್ರ ಈ ಟೇಬಲ್ ಮ್ಯಾಲಿನ ಮಷಿನ್ ಐತಲ್ಲ, ಅದು ಇದಲ್ಲ! ಕೆಳಗ ಕಂಪ್ರೆಸರ್ ಸಪ್ಪಳ ಕೇಳಿಸ್ತೈತಿಲ್ಲೋ. ಗಾಳಿ ಒತ್ತಡಕ್ಕ ಒಂದು ಸಣ್ಣ ಲೋಹದ ತುಂಡು ನಳಿಗಿಯೊಳಗ ಓಡಿ ತುದಿಗೆ ಬಡೀತೈತಿ.

ನೇಕಾರ: ಲಾಳಿ ಪೆಟಿಗಿಗೆ ಬಡದಂಗ.

ಮಾಸ್ತರು: ಬರೋಬ್ಬರಿ! ಶಬ್ದ ಮೈಯಾಗ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡತೈತಿ. ಆ ತುಂಡು ಹತ್ತಿಪ್ಪತ್ತು ಮೀಟರ್ ಓಡಿದ್ರ ಹೆಚ್ಚು. ಅದಕ್ಕ ಶಾಕ್‌ವೇವ್ ಅನ್ನೋ ವಿಮಾನದ ಹೆಸರು ಯಾಕ?

ಫಿಜಿಯೊ: ಒಪ್ಪಿದೆ ಸರ್. ಇದು ರೇಡಿಯಲ್. ಇದರ ಒತ್ತಡ ಚರ್ಮದ ಹತ್ರ ಜೋರು, ಒಳಗ ಹೋದಂಗ ಹಗುರ. ಇನ್ನೊಂದು ಫೋಕಸ್ಡ್ ಐತಿ, ಅದು ಚರ್ಮ ದಾಟಿ ಒಳಗ ಒಂದು ಜಾಗದಾಗ ಶಕ್ತಿ ಕೂಡಿಸ್ತೈತಿ, ಅದರ ರೊಕ್ಕನೂ ಭಾಳ. ನಮ್ಮಂಥ ಊರಾಗ ಸಾಮಾನ್ಯಕ್ಕ ಸಿಗೋದು ರೇಡಿಯಲ್ ಒಂದ. ಒಂದು ಸಲಕ್ಕ ಸುಮಾರು 2,000 ಹೊಡೆತ, ವಾರಕ್ಕೊಮ್ಮೆ, ಮೂರರಿಂದ ಐದು ವಾರ. ಬೋರ್ಡ್ ಮ್ಯಾಲೆ ಎರಡಕ್ಕೂ ಶಾಕ್‌ವೇವ್ ಅಂತನ ಬರೀತಾರ, ನಾನೂ ಬರೆಸೀನಿ.

ಮಾಸ್ತರು: ಅಂದ್ರ ನಾ ಗೆದ್ದಂಗ. ಇದು ಬರೀನ.

ಫಿಜಿಯೊ: ಗೆದ್ದಿಲ್ರಿ. ನೀವು ಹೇಳಿದ್ದು ಮಷಿನ್ ಹೆಂಗ ಹೊಡೀತೈತಿ ಅನ್ನೋದು. ಜೋರಾಗಿ ಹೊಡದ್ರ ಔಷಧ, ಹಗುರಾಗಿ ಹೊಡದ್ರ ಬರಿ ಅಂತೇನಿಲ್ಲಲ್ಲ. ಒಂದು ಕೇಳ್ತೀನಿ. ನಿಮ್ಮವ್ವ ಎಂದರ ತಣ್ಣಗಿನ ಕಬ್ಬಿಣ ಇಟ್ಟು ನೋಡಿದ್ದರೇನು?

ಮಾಸ್ತರು: ತಣ್ಣಗಿಂದು ಯಾಕ ಇಡ್ತಾಳ?

ಫಿಜಿಯೊ: ಅಲ್ಲೇ ಐತ್ರಿ ಫರಕು. ಶಾಕ್‌ವೇವ್‌ದವರು ತಣ್ಣಗಿನ ಕಬ್ಬಿಣಾನೂ ಇಟ್ಟು ನೋಡ್ಯಾರ. ಅದೇ ಮಷಿನ್, ಅದೇ ಸಪ್ಪಳ, ಆದ್ರ ಅರ್ಧ ಮಂದಿಗೆ ಶಕ್ತಿ ಒಳಗ ಹೋಗದಂಗ ಮಾಡಿ. ರೋಗಿಗೂ ಗೊತ್ತಿಲ್ಲ, ನೋವು ಅಳಿಯೋ ಡಾಕ್ಟರಿಗೂ ಗೊತ್ತಿಲ್ಲ. 2000ದಾಗ ಅಮೆರಿಕ ಸರ್ಕಾರ ಅಂಗಾಲಿನ ಕಡೆಯ ಹಿಮ್ಮಡ ನೋವಿಗೆ ಈ ಚಿಕಿತ್ಸೆ ಕೊಡಾಕ ಒಪ್ಪಿಗಿ ಕೊಟ್ಟಿತ್ತು. ಎರಡ ವರ್ಷಕ್ಕ, 2002ರಾಗ, ಆಸ್ಟ್ರೇಲಿಯಾದವರು 166 ಮಂದಿ ಹಿಮ್ಮಡ ನೋಡಿ, ಖರೇದಕ್ಕೂ ಸುಳ್ಳಿಗೂ ಫರಕು ಕಾಣಲಿಲ್ಲ ಅಂತ ಬರದ್ರು. ಕಾಕಾ, ನಿಮ್ಮ ಮೊಣಕೈ ಬ್ಯಾನಿಗೆ ಟೆನಿಸ್ ಎಲ್ಬೋ ಅಂತಾರ.

ನೇಕಾರ: ಟೆನಿಸ್ಸಾ? ನಾ ಅದನ್ನ ಟೀವಿಯಾಗ ನೋಡೀನಿ ಅಷ್ಟ.

ಫಿಜಿಯೊ: ಹೆಸರು ಆಟದವರದು, ಬ್ಯಾನಿ ಕೆಲಸದವರದು. ಅದಕ್ಕ 2005ರಾಗ ಒಂಬತ್ತು ಪರೀಕ್ಷೆ, 1,006 ಮಂದಿ ಲೆಕ್ಕ ಕೂಡಿಸಿ ನೋಡಿದ್ರು. ಲಾಭ ಇಲ್ಲ, ಇದ್ರೂ ಭಾಳ ಕಡಿಮಿ ಅಂತ ಬಂತು. ಸೋತೈತಿ ಅಂತನ ಇಟ್ಕೋರಿ. ಆದ್ರ ಗೆದ್ದದ್ದೂ ಐತಿ. ಭುಜದ ಟೆಂಡನ್ ಒಳಗ ಸುಣ್ಣ ಕಟ್ಟಿದವರಿಗೆ 2003ರಾಗ 144 ಮಂದಿ ಮ್ಯಾಲೆ ಮಾಡಿದ್ರು, ಖರೇ ಹೊಡೆತ ಬಿದ್ದವರಿಗೆ ನೋವೂ ಇಳೀತು, ಸುಣ್ಣಾನೂ ಕರಗ್ತು. ಒಂದು ಜಾಗದಾಗ ಸೋತು ಇನ್ನೊಂದು ಜಾಗದಾಗ ಗೆದ್ದದ್ದನ್ನ ಮುಚ್ಚಿಡದ ಬರದಿಟ್ಟಾರಲ್ಲ ಸರ್, ಅದಕ್ಕ ನಾ ಈ ಮಷಿನ್ ಇಟ್ಟೀನಿ. ಬರಿ ಹಾಕೋರಿಗೆ ಸೋಲ ಇಲ್ಲ. ನೋವು ಹೋದ್ರ ಬರೀದು ಪುಣ್ಯೆ, ಹೋಗದಿದ್ರ ನಿಮ್ಮ ಕರ್ಮ.

ಮಾಸ್ತರು: ತಡಿ, ತಡಿ. ಆ 166 ಮಂದಿಯಾಗ ಸುಳ್ಳು ಹೊಡೆತ ತಿಂದವರಿಗೆ ಏನಾತು? ನೋವು ಹಂಗ ಉಳೀತೇನು?

ಫಿಜಿಯೊ: ಇಲ್ರಿ, ಇಳೀತು. ಎರಡೂ ಗುಂಪಿಗೆ ಇಳೀತು.

ಮಾಸ್ತರು: ಅಂದ ಮ್ಯಾಲೆ ಸುಳ್ಳೂ ಔಷಧನ ಆತಲ್ಲ! ನಮ್ಮವ್ವನ ಬರಿಗೂ ಒಂದು ಮರ್ಯಾದಿ ಬಂತು. ನೋವು ಅನ್ನೋದು ಅನುಭವ, ಅದು ಥರ್ಮಾಮೀಟರಿಗೆ ಸಿಗೋದಲ್ಲ. ನೋಯವಲ್ದು ಅಂತ ರೋಗಿ ಅಂದ್ರ ನೋವಿಲ್ಲ, ಮುಗೀತು. ಯಾಕ ಹೋತು ಅನ್ನೋದು ಡಾಕ್ಟರ ಚಿಂತಿ, ರೋಗಿ ಚಿಂತಿ ಅಲ್ಲ. ನಂಬಿಕಿಯಿಂದ ಹೋದ್ರ ನಂಬಿಕೀನ ಕೊಡ್ರಿ. ಕೂಡಲಸಂಗಮ ಇಲ್ಲೇ ಹುನಗುಂದ ತಾಲ್ಲೂಕಿನಾಗ ಐತಿ. ಅಲ್ಲಿ ಹೊಳ್ಯಾಗ ಮುಳುಗೆದ್ದು ಮೊಣಕಾಲು ಹಗುರಾತು ಅಂತ ಬರೋರಿಗೆ ನೀ ಏನು ಸುಳ್ಳು ಅಂತೀಯೇನು? ಮನಸ್ಸು, ಮೈ ಅಂತ ಎರಡು ಮಾಡಿದ್ದ ಮೊದಲನೇ ತಪ್ಪು.

ನೇಕಾರ: ಮಾಸ್ತರ, ನನ್ನ ಬಸ್ಸು ಐದೂವರಿಗೆ.

ಫಿಜಿಯೊ: ಕಾಕಾ, ಒಂದ ನಿಮಿಷ. ಈ ಮಾತು ಬಿಡಂಗಿಲ್ಲ, ದಿನಾ ಯಾರರ ಕೇಳ್ತಾರ. ಸರ್, ಸುಳ್ಳು ಹೊಡೆತದವರಿಗೆ ನೋವು ಇಳಿದದ್ದು ಸುಳ್ಳಿನಿಂದನ ಅಂತ ಹೆಂಗ ಹೇಳ್ತೀರಿ? ನೋವು ಶಿಖರಕ್ಕ ಏರಿದಾಗ ಮಂದಿ ನಮ್ಮ ಬಾಗಲಿಗೆ ಬರ್ತಾರ. ಏರಿದ್ದು ಏನೂ ಮಾಡದಿದ್ರೂ ಒಂದಿಷ್ಟು ಇಳೀತೈತಿ. ಬ್ರಿಸ್ಬೇನ್‌ದಾಗ 198 ಮಂದಿ ಟೆನಿಸ್ ಎಲ್ಬೋದವರನ್ನ ಮೂರು ಪಾಲು ಮಾಡಿದ್ರು. ಒಂದು ಪಾಲಿಗೆ ಸ್ಟಿರಾಯ್ಡ್ ಸೂಜಿ, ಒಂದಕ್ಕ ಫಿಜಿಯೊಥೆರಪಿ, ಇನ್ನೊಂದಕ್ಕ ತಾಳ್ರಿ, ನೋಡೂಣು ಅನ್ನೋ ಮಾತು. 2006ರಾಗ ಅದು ಅಚ್ಚಾತು. ಆರು ವಾರಕ್ಕ ಸೂಜಿಯವರು ಎಲ್ಲಾರಿಗಿಂತ ಮುಂದ. ವರ್ಷಕ್ಕ ಎಲ್ಲಾರಿಗಿಂತ ಹಿಂದ. ಸುಮ್ನ ಕಾಯ್ದವರು ವರ್ಷಕ್ಕ ಫಿಜಿಯೊಥೆರಪಿಯವರ ಸಮಕ್ಕ ಬಂದಿದ್ರು. ನನ್ನ ಹೊಟ್ಟಿ ಮ್ಯಾಲಿನ ಕಲ್ಲು ಇದು, ಆದ್ರೂ ಹೇಳ್ತೀನಿ. ಹಂಗಾದ್ರ ಬಹಳ ಸಲ ವಾಸಿ ಮಾಡೋದು ಕಾಲ. ಆ ಕಾಲ ಮಾಡಿದ ಕೆಲಸಕ್ಕ ನಾ ಮಷಿನ್ ತೋರಿಸಿ ಬಿಲ್ ಹರದ್ರ ಅದಕ್ಕೇನಂತೀರಿ? ನೀವು ಪೆನ್ಶನ್ ಮಂದಿ, ನಂಬಿಕಿ ಕೊಂಡ್ಕೊಂಡ್ರ ನಡೀತೈತಿ. ಕಾಕಾ ಮಜೂರಿ ಬಿಟ್ಟು ಬಂದಾರ. ಸಂಗಮದ ಹೊಳಿ ಯಾರಿಗೂ ಐದು ಸಲದ ಪ್ಯಾಕೇಜ್ ಮಾರಿಲ್ಲ.

ನೇಕಾರ: ನಾ ಊರಾಗ ಆ ಸೂಜಿ ಮಾಡಿಸ್ಕೊಂಡೀನಿ. ಒಂದು ತಿಂಗಳ ಹಬ್ಬ ಇದ್ದಂಗಿತ್ತು. ಆಮ್ಯಾಲೆ ಲೋಟ ಎತ್ತಾಕೂ ಬರವಲ್ದು.

ಮಾಸ್ತರು: ಹೌದು, ರೊಕ್ಕದ ಮಾತು ಬಂದ್ರ ನಾ ಸೋತೆ. ಆದ್ರ ನೀ ಮಷಿನ್ ಇಟ್ಟದ್ದಾದ್ರೂ ಯಾತಕ್ಕ?

ಫಿಜಿಯೊ: ನಿಮ್ಮಂಥವರಿಗೆ. ನಿಮ್ಮ ನೋವು ಹಿಮ್ಮಡದ ಎಲುಬಿನ ಮ್ಯಾಲಲ್ಲ, ನಾಕು ಬೆರಳು ಮ್ಯಾಲೆ, ಟೆಂಡನ್ ನಡುವ. ವರ್ಷಗಟ್ಟಲೆ ನೋಯೋ ಟೆಂಡನ್ ಕೊಯ್ದು ನೋಡಿದ್ರ ಅಲ್ಲಿ ಉರಿಯೂತ ಅನ್ನೋದು ಭಾಳ ಸಿಗೂದಿಲ್ಲ. ಕೊಲಾಜನ್ ಎಳಿ ಸಾಲು ತಪ್ಪಿರತಾವ, ಬ್ಯಾಡದ ಸಣ್ಣ ರಕ್ತನಾಳ ಹುಟ್ಟಿರತಾವ. ಉರಿ ಇದ್ದಲ್ಲಿ ತಣಿಸಬೇಕು, ಸಾಲು ತಪ್ಪಿದಲ್ಲಿ ದುಡಿಸಬೇಕು. 1998ರಾಗ ಸ್ವೀಡನ್‌ನ ಆಲ್ಫ್ರೆಡ್‌ಸನ್ ಅನ್ನೋ ಡಾಕ್ಟರು ಓಟಗಾರರಿಗೆ ದಿನಕ್ಕ 180 ಸಲ ಹಿಮ್ಮಡ ನಿಧಾನ ಕೆಳಗ ಇಳಿಸೋದು, 12 ವಾರ, ನೋವಿದ್ರೂ ಮಾಡ್ರಿ ಅಂತ ಕೊಟ್ರು. ಅವರು ಮತ್ತ ಓಡಿದ್ರು. 2009ರಾಗ ಜರ್ಮನಿಯವರು 68 ಮಂದಿ ತಗೊಂಡು ಅರ್ಧದವರಿಗೆ ಈ ವ್ಯಾಯಾಮ, ಇನ್ನರ್ಧಕ್ಕ ವ್ಯಾಯಾಮದ ಜೋಡಿ ಶಾಕ್‌ವೇವ್ ಕೊಟ್ರು. ನಾಕು ತಿಂಗಳಿಗೆ ಬರೇ ವ್ಯಾಯಾಮದವರು 34ರಾಗ 19 ಮಂದಿ ಚಲೋ ಆಗಿದ್ರು, ಎರಡೂ ಮಾಡಿದವರು 28 ಮಂದಿ. ಹೊಡೆತ ಜೀವಕೋಶಕ್ಕ ಕೆಲಸದ ಸೂಚನಾ ಕೊಡತೈತಿ, ನೋವಿನ ನರದ ತುದಿ ಸ್ವಲ್ಪ ಸುಮ್ನಾಗತೈತಿ. ಆ ಸುಮ್ನಾದ ಹೊತ್ತಿನಾಗ ನೀವು ಮೆಟ್ಲ ಮ್ಯಾಲೆ ನಿಂತು ಹಿಮ್ಮಡ ಇಳಿಸಬೇಕು. ನನ್ನ ಮಷಿನ್ ಬಾಗಲಾ ತಗೀತೈತಿ ಅಷ್ಟ, ಒಳಗ ನಡೀಬೇಕಾದವರು ನೀವ.

ಮಾಸ್ತರು: 180 ಸಲ! ನನ್ನ ಹುಡುಗ್ರಿಗೂ ಇಷ್ಟು ಇಂಪೊಸಿಷನ್ ಕೊಟ್ಟಿಲ್ಲ.

ಫಿಜಿಯೊ: ಈಗೀಗ ಅದಕ್ಕಿಂತ ಕಡಿಮಿ ಸಲ, ಭಾರ ಹೆಚ್ಚು ಮಾಡಿಸೋದೂ ಐತಿ. ಮಷಿನ್ ಹಚ್ಚೋ ಮೊದಲು ಒಂದು ಕೇಳ್ತೀನಿ, ರಕ್ತ ತೆಳು ಮಾಡೋ ಗುಳಿಗಿ ತಗೋತೀರೇನು?

ಮಾಸ್ತರು: ಇಲ್ಲ, ಬಿ.ಪಿ. ಗುಳಿಗಿ ಒಂದ.

ಫಿಜಿಯೊ: ಹರಕತ್ತಿಲ್ಲ.

ನೇಕಾರ: ನನ್ನ ಮಾತು ಎಲ್ಲಿಗೆ ಬಂತು ತಂಗಿ? ವರ್ಷ ತಾಳಿದ್ರ ಹೋಗತೈತಿ ಅಂದಿ. ಗುಂಡಿಯೊಳಗ ಕಾಲಿಟ್ಟು, ಬಲಗೈಲೆ ಹಗ್ಗ ಜಗ್ಗಿ ಲಾಳಿ ಓಡಿಸೋನು ನಾ. ಸೆರಗಿಗೆ ಬಂದಾಗ ಕೊಂಡಿ ಹಾಕೋದು, ತೋಪು ತೆನಿ ತಗಿಯೋದು, ಅಲ್ಲಿ ಕೈ ತಡದ್ರ ಸೀರಿ ಕೆಡತೈತಿ. ಸೀರಿ ಇಳದ ಮ್ಯಾಲೆ ಮಜೂರಿ. ವರ್ಷ ಯಾರ ಹತ್ರ ಐತಿ? ನಾ ಕೈ ಬಿಟ್ರ ಪವರ್‌ಲೂಮ್‌ನವ ತಯಾರಾಗಿ ನಿಂತಾನ.

ಮಾಸ್ತರು: ಕಾಯಕ ಬಿಡಬಾರದು ಅಂತ ಶರಣರೂ...

ನೇಕಾರ: ಬಿಡತೀನಿ ಅಂತ ನಾ ಎಲ್ಲಿ ಅಂದೀನ್ರಿ? ಬಿಡಾಕ ಆಗವಲ್ದು ಅಂತ ಹೇಳಾಕತ್ತೀನಿ. ನಿಮ್ಮ ಬ್ಯಾನಿ ವಾಕಿಂಗಿಂದ ಬಂದದ್ದು. ನನ್ನ ಬ್ಯಾನಿ ಅನ್ನ ಕೊಡೋ ಕಡಿಂದ ಬಂದೈತಿ.

ಮಾಸ್ತರು: ಇದಕ್ಕ ನನ್ನ ಹತ್ರ ಉತ್ತರ ಇಲ್ಲಪಾ.

ಫಿಜಿಯೊ: ನನ್ನ ಹತ್ರನೂ ಪೂರಾ ಇಲ್ಲ. ಎಂಟು ತಿಂಗಳ ಬ್ಯಾನಿ ಕಾಕಾ, ನಡುವ ಸೂಜಿ ಬ್ಯಾರೆ ಆಗೈತಿ. ಆ 198 ಮಂದಿಯಾಗ ಯಾರೂ ಹಿಂಗ ದಿನಾ ಹಗ್ಗ ಜಗ್ಗಿ ತಾಳಿದ್ರು ಅಂತ ನಾ ಹೇಳಂಗಿಲ್ಲ. ಮಷಿನ್ ಹಚ್ಚಿ, ನೋವು ಎರಡು ದಿನ ಮಂಕಾತು ಅಂತ ನೀವು ಮತ್ತ ಎರಡು ಸೀರಿ ಜಾಸ್ತಿ ನೇಯ್ದ್ರ, ಆ ಸೂಜಿ ಮಾಡಿದ್ದನ್ನ ನಾನೂ ಮಾಡಿದಂಗ ಆಗತೈತಿ. ಹಗ್ಗದ ಹಿಡಿಕಿ ದಪ್ಪ ಮಾಡ್ಕೋರಿ, ಬಟ್ಟಿ ಸುತ್ತಿದ್ರೂ ನಡೀತೈತಿ. ಮಣಿಕಟ್ಟು ಮ್ಯಾಲೆ ಬಗ್ಗಿಸಿ ಜಗ್ಗಬ್ಯಾಡ್ರಿ. ಒಂದು ಕಿಲೋ ತೂಕ ಹಿಡಕೊಂಡು ಕೈ ನಿಧಾನ ಇಳಿಸೋದು ತೋರಿಸ್ತೀನಿ, ದಿನಾ ಮಾಡ್ರಿ, 12 ವಾರ. ಮೊದಲನೇ ಆರು ವಾರ ಮಗ್ಗ ಅರ್ಧ ದಿನ.

ನೇಕಾರ: ಅರ್ಧ ದಿನಕ್ಕ ಅರ್ಧ ಮಜೂರಿ. ಉಳಿದರ್ಧ ಯಾವ ಡಾಕ್ಟರು ಬರದು ಕೊಡ್ತಾರ?

ಫಿಜಿಯೊ: ಮಾಲೀಕರ ಫೋನ್ ನಂಬರ್ ಕೊಡ್ರಿ. ಸೆರಗಿನ ಕೆಲಸ ಆರು ವಾರ ಬ್ಯಾರೆಯವರಿಗೆ ಕೊಡ್ರಿ, ಹಾಸು ಹೂಡೋದು, ನೂಲು ಸುತ್ತೋದು ಇವರಿಗಿರಲಿ ಅಂತ ನಾನ ಮಾತಾಡ್ತೀನಿ.

ನೇಕಾರ: ಅವರು ಕೇಳೂದಿಲ್ಲವಾ.

ಫಿಜಿಯೊ: ಕೇಳದಿದ್ರೂ ನಾ ಹೇಳ್ತೀನಿ. ಸರ್, ನೀವು ಬೂಟು ಕಳೀರಿ, ನಿಮಗ ಇವತ್ತ ಸುರು ಮಾಡೂಣು. ಕಾಕಾ, ನಿಮ್ಮ ಮೊಣಕೈಗೆ ಮಷಿನ್ ಹಚ್ಚೂದಿಲ್ಲ. ಇವತ್ತಿನ ಫೀಸೂ ಬ್ಯಾಡ.