ಫಿಂಕಲಿನ ಗೋರಿಗೆ ನಡೆದು ಬಂದವರು

ಒಬ್ಬನನ್ನು ಸಂತನೆಂದು ನಿರ್ಣಯಿಸುವ ಅಧಿಕಾರ ಯಾರದು? 12ನೇ ಶತಮಾನದ ಉತ್ತರಾರ್ಧದ ಹೊತ್ತಿಗೆ ಪೋಪರು ಅದು ತಮಗೇ ಸೇರಿದ್ದೆಂದು ಹೇಳತೊಡಗಿದ್ದರು. 1234ರಲ್ಲಿ ಒಂಬತ್ತನೆಯ ಗ್ರೆಗರಿಯ ಕಾಲಕ್ಕೆ ಅದು ಚರ್ಚಿನ ಕಾನೂನಾಗಿಯೇ ನಿಂತಿತು. ಇದೇ ಕಾಲಘಟ್ಟದಲ್ಲಿ, ಉತ್ತರ ಇಂಗ್ಲೆಂಡಿನ ಡರಮ್ ಪಟ್ಟಣಕ್ಕೆ ಸಮೀಪದ ಫಿಂಕಲ್ ಎಂಬಲ್ಲಿ, ಯಾವ ಪೋಪನೂ ವಿಧಿವತ್ತಾಗಿ ಸಂತನೆಂದು ಘೋಷಿಸದ ಗಾಡ್ರಿಕ್ ಎಂಬ ಏಕಾಂತವಾಸಿಯ ಗೋರಿಗೆ ಜನ ಹರಕೆ ಹೊತ್ತು ಬರುತ್ತಿದ್ದರು. ಇಂಥ ಸ್ಥಳೀಯ ಭಕ್ತಿಯನ್ನು ತಿಳಿಯದವರ ಮೂಢನಂಬಿಕೆ ಎಂದು ಬದಿಗೆ ಸರಿಸುವುದು ಸುಲಭ. ಅದು ಒಂದು ಬದುಕಿನ ಬಗ್ಗೆ ಜನ ಕೊಟ್ಟ ತೀರ್ಪು, ಆ ತೀರ್ಪಿಗೆ ತನ್ನದೇ ಆದ ವಿವೇಕವಿದೆ ಎಂಬುದು ನನ್ನ ವಾದ.

ಗಾಡ್ರಿಕ್‌ನನ್ನು ಕಣ್ಣಾರೆ ಕಂಡು ಅವನ ಚರಿತ್ರೆ ಬರೆದವನು ಡರಮ್ ಮಠದ ಸನ್ಯಾಸಿ ರೆಜಿನಾಲ್ಡ್. ಗಾಡ್ರಿಕ್ ಹುಟ್ಟಿದ್ದು ನಾರ್ಫಕ್ ಸೀಮೆಯ ಬಡ ಕುಟುಂಬದಲ್ಲಿ, ಸುಮಾರು 1065ರಲ್ಲಿ. ಮೊದಲು ಊರೂರು ಸುತ್ತಿ ಚಿಲ್ಲರೆ ಸಾಮಾನು ಮಾರಿದ. ಆಮೇಲೆ ಕಡಲ ವ್ಯಾಪಾರಕ್ಕಿಳಿದು ಹಡಗುಗಳಲ್ಲಿ ಪಾಲುದಾರನಾದ. ಜೆರುಸಲೇಮ್, ರೋಮ್, ಸಾಂತಿಯಾಗೊಗಳಿಗೆ ಯಾತ್ರೆ ಮಾಡಿ, ಗಳಿಸಿದ್ದನ್ನೆಲ್ಲ ಬಿಟ್ಟು, ಬಿಷಪ್ ರಾನುಲ್ಫ್ ಫ್ಲಾಂಬಾರ್ಡ್‌ನ ಅನುಮತಿಯಿಂದ ವಿಯರ್ ನದಿಯ ದಡದ ಕಾಡಿನಲ್ಲಿ ನೆಲೆಸಿದ. 1170ರ ಮೇ 21ರಂದು ತೀರಿಕೊಳ್ಳುವವರೆಗೆ, ಹೆಚ್ಚುಕಡಿಮೆ ಅರವತ್ತು ವರ್ಷ, ಅಲ್ಲಿಯೇ ಇದ್ದ. ಚಳಿಗಾಲದ ನದಿಯಲ್ಲಿ ನಿಂತು ಪ್ರಾರ್ಥಿಸಿದ್ದು, ಬೇಟೆಗಾರರಿಂದ ಜಿಂಕೆಯನ್ನು ಮರೆಮಾಡಿದ್ದು, ಬೆಂಕಿಯ ಬಳಿ ಬೆಚ್ಚಗೆ ಮಲಗಲು ಬಂದ ಹಾವುಗಳನ್ನು ಸೈರಿಸಿದ್ದು ಎಲ್ಲವೂ ಆ ಗ್ರಂಥದಲ್ಲಿವೆ. ಲ್ಯಾಟಿನ್ ಪಾಂಡಿತ್ಯವಿಲ್ಲದ ಈತ ಜನರ ಮಾತಿನಲ್ಲೇ ಹಾಡು ಕಟ್ಟಿದ. ರಾಗಸಂಕೇತದೊಂದಿಗೆ ಉಳಿದುಬಂದಿರುವ ಅತಿ ಹಳೆಯ ಇಂಗ್ಲಿಷ್ ಹಾಡುಗಳು ಅವನವೇ.

ಅವನು ಸತ್ತ ಮೇಲೆ ಗೋರಿಗೆ ಬಂದವರು ಯಾರು ಎಂಬುದೇ ಇಲ್ಲಿ ಮುಖ್ಯ. ಅಲ್ಲಿ ನಡೆದವೆಂದು ದಾಖಲಾದ ಪವಾಡಗಳು ಇನ್ನೂರಕ್ಕೂ ಹೆಚ್ಚು. ಗುಣವಾದೆವೆಂದವರಲ್ಲಿ ಬಹುಪಾಲು ಹೆಂಗಸರು. ಹೆಚ್ಚಿನವರು ಸುತ್ತಲ ಹಳ್ಳಿಗಳ ಸಾಮಾನ್ಯರು. ಕೆಲವೇ ಮೈಲಿ ದೂರದ ಡರಮ್ ಪ್ರಧಾನಾಲಯದಲ್ಲಿ ಇಡೀ ಉತ್ತರ ನಾಡಿನ ಮಹಾಸಂತ ಕತ್‌ಬರ್ಟ್‌ನ ಅವಶೇಷಗಳಿದ್ದವು. ಆದರೆ ಆ ಅವಶೇಷಗಳ ಬಳಿಗೆ ಹೆಂಗಸರು ಹೋಗುವಂತಿರಲಿಲ್ಲ. ಅವರು ದಾಟಬಾರದ ಗೆರೆಯನ್ನು ಗುರುತಿಸುವ ಕಪ್ಪು ಕಲ್ಲಿನ ಪಟ್ಟಿ ಇವತ್ತಿಗೂ ಆ ನೆಲದ ಮೇಲಿದೆ. ಫಿಂಕಲಿನಲ್ಲಿ ಅಂಥ ಗೆರೆ ಇರಲಿಲ್ಲ. ಗಾಡ್ರಿಕ್‌ನ ತಂಗಿ ಬುರ್ಗ್ವೆನ್ ಕೂಡ ಅವನ ನೆಲೆಯ ಪಕ್ಕದಲ್ಲೇ ತಪಸ್ವಿನಿಯಾಗಿ ಬದುಕಿದವಳು. ದೊಡ್ಡ ಬಾಗಿಲು ಯಾರಿಗೆ ಮುಚ್ಚಿತ್ತೋ ಅವರು ಪುಣ್ಯವನ್ನು ಅರಸುವುದನ್ನೇನೂ ಬಿಡಲಿಲ್ಲ. ತಮ್ಮ ಹಾಗೆಯೇ ಬಡತನದಲ್ಲಿ ಹುಟ್ಟಿ, ತಮ್ಮ ಮಾತಿನಲ್ಲೇ ಹಾಡಿದವನ ಬಳಿಗೆ ಹೋದರು.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಚರಿತ್ರೆ ಬರೆದವನು ಡರಮ್‌ನ ಸನ್ಯಾಸಿ, ಸ್ಥಳ ಡರಮ್ ಮಠದ ಅಧೀನದಲ್ಲಿತ್ತು, ಕಾಣಿಕೆಯ ಲಾಭವೂ ಮಠಕ್ಕೇ. ಹಾಗಾಗಿ ಈ ಭಕ್ತಿಯನ್ನು ಸನ್ಯಾಸಿಗಳೇ ಬೆಳೆಸಿದರು ಎನ್ನಬಹುದು. ಅದರಲ್ಲಿ ಸತ್ಯಾಂಶವಿದೆ. 1196ರಲ್ಲಿ ಅಲ್ಲಿ ಡರಮ್‌ನ ಶಾಖಾಮಠವೂ ಸ್ಥಾಪನೆಯಾಯಿತು. ಆದರೆ ಪ್ರಚಾರ ದಾರಿಯನ್ನು ತೋರಿಸಬಹುದು, ಬೇನೆಯಿಂದ ಬಳಲುವವರನ್ನು ನಂಬಿಸಿ ನಡೆಸಲಾರದು. ಜನರ ಭಕ್ತಿ ಮಠದ ಸೃಷ್ಟಿಯೇ ಆಗಿದ್ದರೆ ಅದು ಮಠದ ಅಂತಸ್ತನ್ನು ಹೋಲಬೇಕಿತ್ತು. ಅಲ್ಲಿ ಕಾಣುವುದು ಮಠದ ಮಹಾಸಂತನ ಸನ್ನಿಧಿಯಿಂದ ಹೊರಗುಳಿದವರ ಮುಖ. ಮುಂದೆ ಆ ಶಾಖಾಮಠ ಡರಮ್‌ನ ಸನ್ಯಾಸಿಗಳು ಸರದಿಯಂತೆ ಬಂದು ವಿಶ್ರಮಿಸುವ ಜಾಗವಾಯಿತು. ಸಂಸ್ಥೆಗೆ ಬೇಕಿದ್ದದ್ದೂ ಜನರಿಗೆ ಬೇಕಿದ್ದದ್ದೂ ಒಂದೇ ಆಗಿರಲಿಲ್ಲ.

ಇನ್ನೊಂದು ಆಕ್ಷೇಪ ಗಾಡ್ರಿಕ್‌ನ ಕಡೆಯಿಂದಲೇ ಬರುತ್ತದೆ. ಅವನು ಜನರಿಂದ ದೂರ ಉಳಿದವನು. ತನ್ನನ್ನು ಪಾಪಿಯೆಂದು ಕರೆದುಕೊಂಡು, ಚರಿತ್ರೆ ಬರೆಯುವುದನ್ನೇ ವಿರೋಧಿಸಿದವನು. ಹೀಗಿರುವಾಗ ಅವನ ಗೋರಿಯ ಸುತ್ತ ನೆರೆಯುವುದು ಅವನ ಏಕಾಂತಕ್ಕೆ ಬಗೆದ ದ್ರೋಹವಲ್ಲವೇ? ಅಲ್ಲ ಎಂದೇ ನನಗೆ ತೋರುತ್ತದೆ. ಅವನು ತೊರೆದದ್ದು ಹಣ, ಹೆಸರು, ಪ್ರಭಾವಗಳನ್ನು. ಜನ ನಂಬಿದ್ದೂ ಆ ತೊರೆಯುವಿಕೆಯನ್ನೇ. ಪೂಜೆ ಬಯಸಿದವನನ್ನು ಅನುಮಾನಿಸಲು ಕಾರಣವಿರುತ್ತದೆ. ಅದನ್ನು ಬೇಡವೆಂದವನ ಮೇಲೆ ವಿಶ್ವಾಸವಿಡಲು ಕಾರಣವಿದೆ.

ಪವಾಡಗಳು ನಿಜವೋ ಎಂಬ ಪ್ರಶ್ನೆಯನ್ನು ಇತಿಹಾಸ ಬಗೆಹರಿಸಲಾರದು, ನನ್ನ ವಾದವೂ ಅದರ ಮೇಲೆ ನಿಂತಿಲ್ಲ. ಜನರ ತೀರ್ಪು ಯಾವಾಗಲೂ ಸರಿ ಎಂದೂ ನಾನು ಹೇಳುತ್ತಿಲ್ಲ. ಗುಂಪು ಮೋಸಗಾರರನ್ನೂ ಪೂಜಿಸಿದೆ. ಆದ್ದರಿಂದ ಅಧಿಕಾರಸ್ಥರ ಪರಿಶೀಲನೆಗೆ ಅದರದೇ ಬೆಲೆಯಿದೆ. ಆದರೆ ಆ ಪರಿಶೀಲನೆ ದೂರದಿಂದ ಬರುವಂಥದು. ಅರವತ್ತು ವರ್ಷ ಒಬ್ಬನ ಬದುಕನ್ನು ಹತ್ತಿರದಿಂದ ಬಲ್ಲ ನೆರೆಹೊರೆ ಅವನಲ್ಲಿ ದೈವವನ್ನು ಕಂಡಿತೆಂದರೆ, ಅದನ್ನು ಸಾಕ್ಷ್ಯವೆಂದು ಎಣಿಸಲೇಬೇಕು. ಪಾವಿತ್ರ್ಯವನ್ನು ಕಾಯುವವರು ಯಾರನ್ನು ಹೊರಗಿಟ್ಟರೋ ಅವರೇ ಅದನ್ನು ಬೇರೆಡೆ ಗುರುತಿಸಿದರೆಂಬುದು ಫಿಂಕಲಿನ ಪಾಠ. ಧರ್ಮದ ಇತಿಹಾಸವನ್ನು ಘೋಷಣಾಪತ್ರಗಳಿಂದ ಮಾತ್ರ ಬರೆದರೆ ಈ ಪಾಠ ಕಳೆದುಹೋಗುತ್ತದೆ.