ಕಣ್ಣು ಬಂದ ಮೇಲೆ ದೂರೇಕೆ?

ಉಪಕಾರ ಪಡೆದವನಿಗೆ ನೋವು ಹೇಳಿಕೊಳ್ಳುವ ಹಕ್ಕಿದೆಯೇ? ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ಕನ್ನಡ ಶಾಲೆಯಲ್ಲಿ ಕಲಿತೆವು. ಹಾಗೆ ಮಾಡಿದವನನ್ನು ನಮಕ್ ಹರಾಮ್ ಎನ್ನುತ್ತಾರೆಂದು ಉರ್ದು ಮೇಷ್ಟ್ರು ಹೇಳಿದರು. ಎರಡೂ ಭಾಷೆಗಳು ಒಪ್ಪುವ ಪಾಠವೆಂದ ಮೇಲೆ ಅದು ಒಳ್ಳೆಯ ಪಾಠವೇ ಇರಬೇಕು. ಆದರೆ ಊಟದ ಪಂಕ್ತಿಯ ಈ ಪಾಠವನ್ನು ನಾವು ಆಸ್ಪತ್ರೆಗೂ ಕೊಂಡೊಯ್ದಿದ್ದೇವೆ. ಅಲ್ಲಿ ಅದು ಬೇರೆಯೇ ಕೆಲಸ ಮಾಡುತ್ತದೆ.

ಕನ್ನಡಕದ ಹಂಗು ಬೇಡವೆಂದು ಕೆಲವು ವರ್ಷಗಳ ಹಿಂದೆ ಕಣ್ಣಿಗೆ ಲೇಸಿಕ್ ಎಂಬ ಲೇಸರ್ ಚಿಕಿತ್ಸೆ ಮಾಡಿಸಿಕೊಂಡವನು ನಾನು. ಗೋಡೆಯ ಮೇಲಿನ ಅಕ್ಷರಗಳ ಕೊನೆಯ ಸಾಲನ್ನೂ ಓದಬಲ್ಲೆ. ವೈದ್ಯರ ಕಡತದಲ್ಲಿ ನನ್ನದು ಯಶಸ್ವಿ ಶಸ್ತ್ರಚಿಕಿತ್ಸೆ, ಅದು ಸುಳ್ಳೂ ಅಲ್ಲ. ಆದರೆ ಸಂಜೆಯಾಗುತ್ತಿದ್ದಂತೆ ಆ ಕಣ್ಣಿನಲ್ಲಿ ಮರಳು ಆಡಿದಂತಾಗುತ್ತದೆ. ಫ್ಯಾನಿನ ಕೆಳಗೆ ಮಲಗಲಾಗದು, ಬಸ್ಸಿನ ಕಿಟಕಿಯ ಪಕ್ಕ ಕೂರಲಾಗದು. ಮುಂಜಾನೆ ರೆಪ್ಪೆಯನ್ನು ಹಸಿ ಗಾಯದ ಪಟ್ಟಿ ಬಿಡಿಸುವಂತೆ ಮೆಲ್ಲಗೆ ತೆರೆಯಬೇಕು. ಕಿಸೆಯಲ್ಲಿ ಪೆನ್ನಿನ ಜೊತೆ ಯಾವಾಗಲೂ ಹನಿಮದ್ದಿನ ಸೀಸೆ. ವೈದ್ಯರು ಇದನ್ನು ಡ್ರೈ ಐ ಎನ್ನುತ್ತಾರೆ.

ಇದು ಹೇಗಾಗುತ್ತದೆ? ಕಣ್ಣಿನ ಮುಂಭಾಗದ ಗಾಜಿನಂಥ ಪದರ, ಅಂದರೆ ಕಾರ್ನಿಯಾ, ದೇಹದಲ್ಲಿ ಅತಿ ಹೆಚ್ಚು ನರಗಳಿರುವ ಭಾಗಗಳಲ್ಲಿ ಒಂದು. ಕಣ್ಣು ಒಣಗುತ್ತಿದೆ, ಮಿಟುಕಿಸು, ನೀರು ಕಳಿಸು ಎಂದು ಸುದ್ದಿ ಮುಟ್ಟಿಸುವುದು ಈ ನರಗಳೇ. ಲೇಸಿಕ್‌ನಲ್ಲಿ ಕಾರ್ನಿಯಾದ ಮೇಲ್ಭಾಗವನ್ನು ತೆಳ್ಳಗೆ ಕೊಯ್ದು, ಮುಚ್ಚಳದಂತೆ ಎತ್ತಿ, ಕೆಳಗೆ ಲೇಸರ್ ಹಾಯಿಸಿ ಮತ್ತೆ ಮುಚ್ಚುತ್ತಾರೆ. ಆಗ ಈ ನರಗಳು ತುಂಡಾಗುತ್ತವೆ. ಹೆಚ್ಚಿನವರಲ್ಲಿ ಆರು ತಿಂಗಳಲ್ಲೋ ವರ್ಷದಲ್ಲೋ ಅವು ಬಹುಮಟ್ಟಿಗೆ ಚಿಗುರಿ ತೊಂದರೆ ಇಳಿಯುತ್ತದೆ. ಕೆಲವರಲ್ಲಿ ಇಳಿಯುವುದಿಲ್ಲ. ಕಣ್ಣಿನ ಪೊರೆ ತೆಗೆಯುವ ಆಪರೇಷನ್ನಿನ ನಂತರವೂ ಹಲವರಿಗೆ ಕೆಲವು ತಿಂಗಳು ಉರಿ ಇರುತ್ತದೆ, ಮೊದಲೇ ಕಣ್ಣು ಒಣಗಿದ್ದವರಿಗೆ ಇನ್ನೂ ಹೆಚ್ಚು.

ವಿಚಿತ್ರವೆಂದರೆ ಒಣಗಿದ ಕಣ್ಣು ಎಷ್ಟೋ ಸಲ ಧಾರಾಕಾರ ನೀರು ಸುರಿಸುತ್ತದೆ. ಕಣ್ಣೀರೆಂದರೆ ಬರೀ ನೀರಲ್ಲ. ರೆಪ್ಪೆಯಂಚಿನ ಗ್ರಂಥಿಗಳ ಎಣ್ಣೆ, ನೀರು, ಲೋಳೆ ಮೂರೂ ಹದವಾಗಿ ಬೆರೆತರೆ ಮಾತ್ರ ಅದು ಕಣ್ಣಿನ ಮೇಲೆ ನಿಲ್ಲುತ್ತದೆ. ಹದ ತಪ್ಪಿದರೆ ಕಣ್ಣು ಉರಿದು, ಗಾಬರಿಗೊಂಡು ನೀರು ಚೆಲ್ಲುತ್ತದೆ. ಆ ನೀರು ನಿಲ್ಲದೆ ಹರಿದುಹೋಗುತ್ತದೆ. ನೋಡಿದವರು ನಗುತ್ತಾರೆ: ‘ಇಷ್ಟು ನೀರು ಬರುತ್ತಿದೆ, ಒಣಗಿದೆ ಅಂತೀರಲ್ಲ!’

ಕಾಣದ ನೋವಿನ ಕಷ್ಟವೇ ಇದು. ಕೈ ಮುರಿದರೆ ಪಟ್ಟಿ ಸಾಕ್ಷಿ ಹೇಳುತ್ತದೆ. ಇಲ್ಲಿ ಸಾಕ್ಷಿಯಿಲ್ಲ. ಕೆಳರೆಪ್ಪೆಯೊಳಗೆ ಕಾಗದದ ಪಟ್ಟಿ ಇಟ್ಟು ಐದು ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ಅಳೆಯುವ ಪರೀಕ್ಷೆಯೊಂದಿದೆ. ಹತ್ತು ಮಿಲಿಮೀಟರ್ ಮೀರಿದರೆ ಸಾಮಾನ್ಯವಾಗಿ ತೊಂದರೆಯಿಲ್ಲವೆಂದು ಲೆಕ್ಕ. ಆದರೆ ಕಾಗದ ಒದ್ದೆಯಾಗಿಯೂ ಕಣ್ಣು ಉರಿಯುವವರಿದ್ದಾರೆ. ನರವೇ ಕೆಟ್ಟು ತಪ್ಪು ಸುದ್ದಿ ಕಳಿಸಬಹುದು. 2017ರಲ್ಲಿ ಅಂತಾರಾಷ್ಟ್ರೀಯ ತಜ್ಞರ ವರದಿಯೊಂದು ಡ್ರೈ ಐಯ ವ್ಯಾಖ್ಯಾನದಲ್ಲಿಯೇ ನರಸಂವೇದನೆಯ ದೋಷವನ್ನು ಸೇರಿಸಿತು. ಅದಕ್ಕೂ ಮೊದಲು ಎಷ್ಟು ಜನ ‘ನಿಮ್ಮ ಕಣ್ಣು ಚೆನ್ನಾಗಿದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ’ ಎನ್ನಿಸಿಕೊಂಡು ಮನೆಗೆ ಮರಳಿದರೋ!

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ನಡೆಸಿದ ಲೇಸಿಕ್ ಅಧ್ಯಯನಗಳ ಫಲಿತಾಂಶವೂ ಯೋಚನೆಗೆ ಹಚ್ಚುತ್ತದೆ. ಶೇಕಡಾ 95ಕ್ಕೂ ಹೆಚ್ಚು ಜನ ತಮ್ಮ ದೃಷ್ಟಿಯ ಬಗ್ಗೆ ತೃಪ್ತರಾಗಿದ್ದರು. ಆದರೆ ಮೊದಲು ಒಣಗುವ ತೊಂದರೆಯೇ ಇಲ್ಲದಿದ್ದವರಲ್ಲಿ ಶೇಕಡಾ 28ರವರೆಗೆ ಮಂದಿ ಮೂರು ತಿಂಗಳ ನಂತರ ಅದನ್ನು ಅನುಭವಿಸುತ್ತಿದ್ದರು. ದೀಪದ ಸುತ್ತ ಪ್ರಭೆ ಕಾಣುವಂಥ ದೃಷ್ಟಿತೊಂದರೆಗಳನ್ನಂತೂ ವೈದ್ಯರ ಮುಂದೆ ಹೇಳಿದ್ದಕ್ಕಿಂತ ಎರಡು ಪಟ್ಟಿಗೂ ಹೆಚ್ಚಾಗಿ ಪ್ರಶ್ನಾವಳಿಯ ಕಾಗದದಲ್ಲಿ ತಿಳಿಸಿದ್ದರು. ಕಾಗದಕ್ಕೆ ಹೇಳಿದ್ದನ್ನು ಮನುಷ್ಯನಿಗೇಕೆ ಹೇಳಲಿಲ್ಲ?

ನನಗೆ ತೋರುವ ಉತ್ತರ ನಮ್ಮ ಬೀದಿಯ ಖಾಲಾ ಒಬ್ಬರಲ್ಲಿದೆ. ಅವರಿಗೆ ಪೊರೆಯ ಆಪರೇಷನ್ ಉಚಿತ ಶಿಬಿರದಲ್ಲಾಯಿತು. ಮೊಮ್ಮಗಳ ಮುಖ ಕಂಡು ಹಿಗ್ಗಿದರು. ಆಮೇಲೆ ಒಲೆಯ ಮುಂದೆ ಕೂತರೆ ಕಣ್ಣುರಿ. ಹೇಳಿದಾಗಲೆಲ್ಲ ಒಂದೇ ಉತ್ತರ: ‘ಕಣ್ಣು ಬಂತಲ್ಲ ಖಾಲಾ, ಅಲ್ಲಾಹನ ಶುಕ್ರ್ ಮಾಡಿ.’ ಅವರು ಹೇಳುವುದನ್ನೇ ಬಿಟ್ಟರು. ನನಗೆ ಸಿಕ್ಕ ಉತ್ತರ ಬೇರೆ: ‘ಕನ್ನಡಕ ಹಾಕಿಕೊಂಡಿದ್ದರೆ ಏನಾಗುತ್ತಿತ್ತು? ದುಡ್ಡು ಕೊಟ್ಟು ತಂದುಕೊಂಡದ್ದಲ್ಲವೇ?’ ಪುಕ್ಕಟೆ ಪಡೆದವರು ಋಣದ ಭಾರಕ್ಕೆ ಬಾಯಿ ಮುಚ್ಚಬೇಕು, ಹಣ ಕೊಟ್ಟವನು ನಾಚಿಕೆಗೆ. ಹಾಗಾದರೆ ಬಾಯಿ ತೆರೆಯುವ ಹಕ್ಕು ಯಾರದು?

ಸಬ್ರ್ ಎಂದರೆ ಮೌನ ಎಂದು ತಿಳಿದವರು ಪ್ರವಾದಿ ಯಾಕೂಬರ ಕಥೆಯನ್ನು ನೆನೆಯಬೇಕು. ಮಗನ ಅಗಲಿಕೆಯಲ್ಲಿ ಅತ್ತು ಅವರ ಕಣ್ಣುಗಳು ಬೆಳ್ಳಗಾದವು. ಇನ್ನೂ ಅದನ್ನೇ ನೆನೆಯುತ್ತೀರಲ್ಲ ಎಂದು ಉಳಿದ ಮಕ್ಕಳು ಆಕ್ಷೇಪಿಸಿದರು. ಆದರೂ ಸಹನೆಗೆ ಅವರ ಹೆಸರೇ ಮಾದರಿ. ಅವರು ದೂರಿಕೊಂಡದ್ದು ದೇವರಲ್ಲಿ ಮಾತ್ರವಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ದೇವರಿಗೆ ಹೇಳದೆಯೂ ಗೊತ್ತು, ವೈದ್ಯನಿಗೆ ಹೇಳದೆ ಗೊತ್ತಾಗದು. ಅವನ ಮುಂದಿಡುವ ನೋವು ದೂರಲ್ಲ, ಮಾಹಿತಿ.

ಇನ್ನೊಂದು ಆಕ್ಷೇಪಣೆಯನ್ನು ಮಾತ್ರ ಹಗುರವಾಗಿ ತಳ್ಳಿಹಾಕಲಾಗದು. ಇಂಥ ಮಾತು ಹಬ್ಬಿದರೆ ಬಡವರು ಹೆದರಿ ಆಪರೇಷನ್ನಿಗೇ ಬರದೆ ಕುರುಡರಾಗಿ ಉಳಿಯುವುದಿಲ್ಲವೇ? ಪೊರೆ ಬಂದ ಕಣ್ಣಿಗೆ ಶಸ್ತ್ರಚಿಕಿತ್ಸೆಯಲ್ಲದೆ ಬೇರೆ ಮದ್ದಿಲ್ಲ. ಖಾಲಾ ಕೂಡ ಇನ್ನೊಂದು ಕಣ್ಣಿಗೆ ಮಾಡಿಸಿಕೊಳ್ಳಲು ಸಿದ್ಧರಿದ್ದಾರೆ. ಆದರೆ ಜನರನ್ನು ಹೆದರಿಸುವುದು ಮೊದಲೇ ತಿಳಿಸಿದ ಉರಿಯಲ್ಲ, ತಿಳಿಸದೆ ಬಂದ ಉರಿ. ‘ಕೆಲವು ತಿಂಗಳು ಕಣ್ಣು ಒಣಗಬಹುದು, ಕೆಲವರಿಗೆ ಹೆಚ್ಚು ಕಾಲ ಉಳಿಯಬಹುದು, ಬಂದರೆ ಹೇಳಿ’ ಎಂಬ ಮಾತಿಗೆ ಒಂದು ನಿಮಿಷ ಸಾಕು. ಒಪ್ಪಿಗೆ ಪತ್ರದ ಮೇಲಿನ ಹೆಬ್ಬೆಟ್ಟಿಗೆ ಅರ್ಥ ಬರುವುದು ಆ ಒಂದು ನಿಮಿಷದಿಂದ.

ನಾಚಿಕೆಗೆಟ್ಟವನನ್ನು ಉರ್ದುವಿನಲ್ಲಿ ‘ಆಂಖ್ ಕಾ ಪಾನಿ ಮರ್ ಗಯಾ’, ಕಣ್ಣಿನ ನೀರು ಸತ್ತಿದೆ ಎನ್ನುತ್ತಾರೆ. ಒಣಗಿದ ಕಣ್ಣಿಗೆ ಸೀಸೆಯ ಹನಿಯಾದರೂ ಇದೆ. ಎದುರಿಗಿರುವವನ ಉರಿಯನ್ನು ನಂಬದ ಕಣ್ಣಿಗೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಶುಕ್ರ್ ಮತ್ತು ಶಿಕಾಯತ್ ಒಂದೇ ಬಾಯಿಂದ ಬರಬಹುದು, ಎರಡೂ ನಿಜವಿರಬಹುದು. ಕಣ್ಣು ಕೊಟ್ಟವರಿಗೆ ಕೃತಜ್ಞರಾಗಿರೋಣ. ಉರಿಯುತ್ತಿದೆ ಎಂದವರನ್ನು ಮೊದಲು ನಂಬೋಣ, ಬುದ್ಧಿಮಾತು ಆಮೇಲೆ ಹೇಳೋಣ.